ಕತ್ತರಿ ಅಕ್ಕ ಬಿಡಿಸಿಕೊಂಡು ಬಂದದ್ದು

ಕತ್ತರಿ ಅಕ್ಕನ ಅಂಗಡಿಗೆ ಹೋಗುವವರು ಎರಡು ವಿಷಯಕ್ಕೆ ತಯಾರಾಗಿಯೇ ಹೋಗಬೇಕು. ಒಂದು, ಕೊಟ್ಟ ಬಟ್ಟೆ ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಸರಿಯಾಗಿ ಸಿಗುತ್ತದೆ. ಇನ್ನೊಂದು, ಅದರ ಜೊತೆಗೆ ಬೈಗುಳ ಪುಕ್ಕಟೆ. ಸೊಂಟ ಬಿಗಿಯಾಯಿತು, ಸ್ವಲ್ಪ ಬಿಡಿಸಿಕೊಡಿ ಎಂದು ಪ್ಯಾಂಟು ತಂದವರಿಗೆ ಆಕೆ ಹೇಳುವ ಮಾತು ಇಡೀ ಬೀದಿಗೆ ಬಾಯಿಪಾಠ: "ಹೊಟ್ಟೆ ಬೆಳೆಸಿದ್ದು ನೀವು. ಪ್ಯಾಂಟನ್ನ ಯಾಕ್ರೀ ಬೈತೀರಿ?"

ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಮೆಷಿನ್ನು, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್ ಮೆಷಿನ್ನು, ಒಂದು ಇಸ್ತ್ರಿ ಮೇಜು, ಗಿರಾಕಿ ಕೂರುವುದಕ್ಕೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೂ ಸದಾ ಬಟ್ಟೆಯ ರಾಶಿ ಇರುತ್ತದೆ, ಯಾರೂ ಕೂತು ತಲೆ ತಿನ್ನಬಾರದು ಎಂದು. ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದು, ಉದ್ದವಾದದ್ದು, ಬಿಗಿಯಾದದ್ದು, ಜಿಪ್ಪು ಕೆಟ್ಟದ್ದು, ಇಷ್ಟೇ. ಬೇರೆಯವರು ಹಾಕಿದ ಹೊಲಿಗೆಯನ್ನು ಬಿಚ್ಚುವಾಗ ಆಕೆಯ ಮುಖದಲ್ಲಿ ಒಂದು ತೃಪ್ತಿ ಕಾಣುತ್ತದೆ. ಕತ್ತರಿ ಅಕ್ಕ ಎಂಬ ಹೆಸರು ಕೈಯಲ್ಲಿರುವ ಕತ್ತರಿಯಿಂದ ಬಂದದ್ದು ಎಂದು ಬೀದಿಯವರು ಆಕೆಯ ಮುಂದೆ ಹೇಳುತ್ತಾರೆ. ಹಿಂದೆ ಹೇಳುವುದು ಬೇರೆ.

ಆದರೆ ಯಾರೂ ಹುಟ್ಟುವಾಗಲೇ ಮೂಗಿನ ಮೇಲೆ ಕೋಪ ಇಟ್ಟುಕೊಂಡು ಹುಟ್ಟುವುದಿಲ್ಲ. ಗಂಡ ಇದ್ದಾಗ ಆಕೆ ನಗುತ್ತಿದ್ದಳು. ಗಂಡನದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟಿನ ತಳದಲ್ಲಿ ಒಂದು ಗುಂಡಿ ಇರುತ್ತದೆ. ಅದರೊಳಗೆ ಇಳಿದು ಸ್ಪ್ರಿಂಗು, ತಂತಿ, ಗ್ರೀಸು ಎಲ್ಲ ನೋಡಬೇಕು. ಸಂಜೆ ಮನೆಗೆ ಬಂದು, ಅಂಗಿಗೆ ಗುಂಡಿ ಹಚ್ಚುತ್ತಾ ಕುಳಿತ ಹೆಂಡತಿಯನ್ನು ನೋಡಿ, "ನಿಂದೂ ಗುಂಡಿ ಕೆಲಸ, ನಂದೂ ಗುಂಡಿ ಕೆಲಸ. ಜೋಡಿ ಸರಿಯಾಗೇ ಸಿಕ್ಕಿದೆ" ಎನ್ನುತ್ತಿದ್ದ. ದಿನಾ ಅದೇ ಜೋಕು. ದಿನಾ ಆಕೆ ನಗುತ್ತಿದ್ದಳು. ಅಂಥ ಜೋಕಿಗೆ ನಕ್ಕವಳಿಗೆ ಗಂಡನ ಮೇಲೆ ಎಷ್ಟು ಜೀವ ಇದ್ದಿರಬೇಕು, ನೀವೇ ಲೆಕ್ಕ ಹಾಕಿ.

ಆಕೆಗೆ ಒಬ್ಬ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದ. ಕಂಕುಳಲ್ಲಿ ಎತ್ತಿಕೊಂಡು, ಉಣ್ಣಿಸಿ, ಮೂಗು ಒರೆಸಿ ಬೆಳೆಸಿದವಳು ಇವಳೇ. ಬೆಳೆದ ಮೇಲೆ ಅವನು ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಬೆಳಿಗ್ಗೆ ಸೇರಿ ಸಂಜೆ ಬಿಡುವುದೇ ಅವನ ಕಸುಬಾಯಿತು. ಕೊನೆಗೆ ಆಕೆ ಗಂಡನ ಹತ್ತಿರ, "ಇವನನ್ನೂ ಜೊತೆಗೆ ಹಾಕ್ಕೊಳ್ರೀ, ಹೇಗೋ ಒಂದು ದಡ ಸೇರ್ಲಿ" ಎಂದಳು. ಗಂಡ ಮನಸ್ಸಿಲ್ಲದೆಯೇ ಒಪ್ಪಿದ. ಹೆಂಡತಿಯ ಮಾತು ತೆಗೆದುಹಾಕುವ ಜಾತಿಯವನಲ್ಲ ಅವನು.

ಗಂಡನ ಚೀಲದಲ್ಲಿ ಒಂದು ತಗಡಿನ ಬೋರ್ಡು ಇರುತ್ತಿತ್ತು. ಕೆಂಪು ಅಕ್ಷರದಲ್ಲಿ "ಒಳಗೆ ಮನುಷ್ಯ ಇದ್ದಾನೆ. ಸ್ವಿಚ್ ಮುಟ್ಟಬೇಡಿ" ಎಂದು ಬರೆದದ್ದು. ಗುಂಡಿಗೆ ಇಳಿಯುವ ಮೊದಲು ಟೆರೇಸಿಗೆ ಹತ್ತಿ, ಮೆಷಿನ್ ರೂಮಿನ ಸ್ವಿಚ್ ಆಫ್ ಮಾಡಿ, ಅದರ ಹಿಡಿಗೆ ಈ ಬೋರ್ಡನ್ನು ತಂತಿಯಿಂದ ಕಟ್ಟಿಯೇ ಇಳಿಯುವವನು. ಮನೆಯಲ್ಲಿ ಒಂದು ಬಲ್ಬು ಬದಲಾಯಿಸುವುದಿದ್ದರೂ ಫ್ಯೂಸಿನ ಪೆಟ್ಟಿಗೆಗೆ ಆ ಬೋರ್ಡು ತಗುಲಿಸಿ ಸ್ಟೂಲು ಹತ್ತುತ್ತಿದ್ದ. ಅವನ ತಾಯಿ, ಅಂದರೆ ಕತ್ತರಿ ಅಕ್ಕನ ಅತ್ತೆ, "ಮನೇಲಿ ಇರೋದೇ ನಾವು ಮೂರು ಮತ್ತೊಂದು ಜನ. ಯಾರಿಗೋ ಈ ಬೋರ್ಡು?" ಎಂದು ಗೇಲಿ ಮಾಡುತ್ತಿದ್ದರು.

ಆ ದಿನ ಕೆಲಸ ಇದ್ದದ್ದು ಒಂದು ಎತ್ತರದ ಕಟ್ಟಡದಲ್ಲಿ. ಗಂಡ ಗುಂಡಿಗೆ ಇಳಿದಿದ್ದ. ತಮ್ಮನಿಗೆ ಇದ್ದದ್ದು ಒಂದೇ ಕೆಲಸ, ಮೇಲೆ ಮೆಷಿನ್ ರೂಮಿನಲ್ಲಿ ಆಫ್ ಮಾಡಿದ ಸ್ವಿಚ್ಚಿನ ಪಕ್ಕ ಕುಳಿತಿರುವುದು. ಭಾವ ಕೆಳಗಿನಿಂದ ಫೋನ್ ಮಾಡುವವರೆಗೂ ಅಲ್ಲಿಂದ ಕದಲಬಾರದು. ಕಲ್ಲಿಗೆ ಹೇಳಿದ್ದರೂ ಮಾಡುತ್ತಿತ್ತು ಆ ಕೆಲಸವನ್ನು. ಇವನು ಜೇಬಿನಲ್ಲಿ ಬಾಟಲಿ ಇಟ್ಟುಕೊಂಡು ಹೋಗಿದ್ದ. ಕುಡಿದ, ತೂಕಡಿಸಿದ. ಕಟ್ಟಡದವರು ಯಾರೋ ಮೆಟ್ಟಿಲ ಹತ್ತಿರ ನಿಂತು ಲಿಫ್ಟ್ ಯಾವಾಗ ಬಿಡ್ತೀರಯ್ಯಾ ಎಂದು ಕಿರುಚಿದರು. ದಡಬಡಿಸಿ ಎದ್ದವನು ಸ್ವಿಚ್ ಹಾಕಿಬಿಟ್ಟ. ಲಿಫ್ಟು ಕೆಳಗೆ ಇಳಿಯಿತು. ಅದಕ್ಕಿಂತ ಹೆಚ್ಚು ಹೇಳುವುದು ಬೇಡ.

ಹೋದ ಜೀವ ಹೋಯಿತು. ಆಮೇಲೆ ಆ ಪುಣ್ಯಾತ್ಮ ತಮ್ಮ ಮಾಡಿದ್ದೇ ಬೇರೆ. ಕೋರ್ಟಿನಲ್ಲಿ ನಿಂತು, "ಸ್ವಿಚ್ ಹಾಕಿದ್ದು ನಾನೇ. ಕುಡಿದಿದ್ದೂ ನಿಜ. ಆದ್ರೆ ಬೋರ್ಡ್ ಇರ್ಲಿಲ್ಲ. ಭಾವ ಹಾಕೋದು ಮರ್ತಿದ್ರು. ಬೋರ್ಡ್ ಇಲ್ಲ, ಕೆಲಸ ಮುಗೀತು ಅಂದ್ಕೊಂಡೆ" ಎಂದ. ಹುಡುಕಿದವರಿಗೆ ಬೋರ್ಡು ಎಲ್ಲೂ ಸಿಗಲಿಲ್ಲ. ಹೀಗಾಗಿ ತಪ್ಪು ಇಬ್ಬರದೂ ಎಂದಾಯಿತು, ಇವನ ಶಿಕ್ಷೆ ಕಡಿಮೆಯಾಯಿತು. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಕ್ಕೆ ಆಗುತ್ತದೆಯೇ? ಗಂಡನ ಜೊತೆ ಕೆಲಸ ಮಾಡುತ್ತಿದ್ದವರು ಕೂಡ, "ಛೇ, ಅಷ್ಟು ಹುಷಾರಿನ ಮನುಷ್ಯ, ಅವತ್ತೊಂದು ದಿನ ಮರೆತ ನೋಡಿ" ಎಂದು ತಲೆಯಾಡಿಸಿದರು. ಕತ್ತರಿ ಅಕ್ಕನ ಹೊಟ್ಟೆ ಉರಿಯಲು ಶುರುವಾದದ್ದು ಅಲ್ಲಿಂದ. ಕೊಂದದ್ದನ್ನಾದರೂ ಆಕೆ ಯಾವತ್ತೋ ಒಂದು ದಿನ ಅಮಲಿನ ತಲೆಗೆ ಕಟ್ಟಿಬಿಡುತ್ತಿದ್ದಳೇನೋ. ಸುಳ್ಳನ್ನು ಯಾವುದರ ತಲೆಗೆ ಕಟ್ಟಬೇಕು? ಅದನ್ನು ಹೇಳುವಾಗ ಅವನು ಕುಡಿದಿರಲಿಲ್ಲ.

ಈ ಸುಳ್ಳನ್ನು ಪೂರ್ತಿ ನಂಬಿದವರು ಅತ್ತೆ. ಮಗ ಸತ್ತ ದುಃಖ ಒಂದು ಕಡೆಗಾದರೆ, ತನ್ನ ಮರೆವಿನಿಂದಲೇ ಸತ್ತ ಎಂಬ ಸಿಟ್ಟು ಇನ್ನೊಂದು ಕಡೆ. ಮಗನ ಮಾತು ಬಂದರೆ ಸಾಕು, "ಬೋರ್ಡ್ ಹಾಕೋ ಬುದ್ಧಿ ಇರ್ಲಿಲ್ಲ ಅವನಿಗೆ. ತಾನೂ ಹೋದ, ಆ ಹುಡುಗನ್ನೂ ಜೈಲಿಗೆ ಹಾಕ್ದ" ಎಂದು ಮುಖ ತಿರುಗಿಸುತ್ತಿದ್ದರು. ಬೇರೆಯವರ ಹತ್ತಿರವಂತೂ ಮಗನ ವಿಷಯವನ್ನೇ ಎತ್ತುತ್ತಿರಲಿಲ್ಲ. ಹೆತ್ತ ತಾಯಿ ಹೀಗನ್ನುವುದನ್ನು ಕೇಳುತ್ತಾ ಒಂದೇ ಸೂರಿನ ಕೆಳಗೆ ಬದುಕುವುದೆಂದರೆ ಏನು ಎಂದು ಅನುಭವಿಸಿದವರಿಗೇ ಗೊತ್ತು. ಸೊಸೆ ಎಷ್ಟೋ ಸಲ ಹೇಳಿದಳು, "ಅತ್ತೆ, ಬಲ್ಬ್ ಹಾಕೋಕೂ ಬೋರ್ಡ್ ತಗುಲಿಸ್ತಿದ್ದವರು ಅವರು. ನೀವೇ ಕಣ್ಣಾರೆ ನೋಡಿದೀರಿ." ಅತ್ತೆ ಕಡ್ಡಿ ಮುರಿದಂತೆ, "ಮನೇಲಿ ಹಾಕ್ತಿದ್ದ. ಹಾಕ್ಬೇಕಾದ ಕಡೆ ಹಾಕ್ಲಿಲ್ಲ" ಎನ್ನುತ್ತಿದ್ದರು. ಆಮೇಲೆ ಇಬ್ಬರೂ ಒಂದೊಂದು ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು.

ಹೀಗೆ ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಯುವಕ ಬಂದ. ಕೈಯಲ್ಲಿ ಬಟ್ಟೆ ಇರಲಿಲ್ಲ, ಮುಖದ ಮೇಲೆ ನಗು ಇತ್ತು. ಎರಡೂ ಆಕೆಗೆ ಹಿಡಿಸಲಿಲ್ಲ. ಕೈದಿಗಳ ಸುಧಾರಣೆಗೆ ಅಂತ ಒಂದು ಸಂಸ್ಥೆ ಇದೆ, ಅದರ ಮೇಡಮ್ಮಿಗೆ ನಮ್ಮ ಭಾಷೆ ಬರುವುದಿಲ್ಲ, ನಾನು ಅವರ ದುಭಾಷಿ ಎಂದು ಹೇಳಿಕೊಂಡ.

"ನಿಮ್ಮ ತಮ್ಮ ತುಂಬಾ ಬದಲಾಗಿದ್ದಾರೆ ಅಕ್ಕ. ನಡತೆ ಚೆನ್ನಾಗಿದೆ. ಅವಧಿಗೆ ಮುಂಚೇನೇ ಬಿಡ್ಬಹುದು. ಆದ್ರೆ ಮನೆಯವರು ಬಂದು, ನಾವು ಕರ್ಕೊಂಡು ಹೋಗ್ತೀವಿ ಅಂತ ಸೂಪರಿಂಟೆಂಡೆಂಟ್ ಸಾಹೇಬ್ರ ಮುಂದೆ ಹೇಳ್ಬೇಕು."

"ನಾನು ಹೇಳಲ್ಲ."

"ಏನೋ ಆಗಿದ್ದು ಆಗೋಯ್ತು. ದೊಡ್ಡ ಮನಸ್ಸು ಮಾಡಿ, ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕ."

"ಹೊಟ್ಟೆಗೆ ಹಾಕ್ಕೋಬೇಕಾ? ನಂದೇನು ಹೊಟ್ಟೆನೋ ಗೋಡೌನೋ? ಊರವರೆಲ್ಲ ತಂದು ಸುರಿಯೋಕೆ?"

ಅವನು ಬೇಗ ಹೊರಟ. ಆದರೆ ಅಂಗಡಿಗೆ ಬರುವ ಮೊದಲೇ ಮನೆಗೂ ಹೋಗಿಬಂದಿದ್ದ ಭೂಪ. ಸಂಜೆ ಆಕೆ ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಅತ್ತೆ ಶುರು ಮಾಡಿದರು.

"ಹೋಗಿ ಕರ್ಕೊಂಡು ಬರೋಣ ಕಣೇ. ಪಾಪದ ಹುಡುಗ."

"ನಿಮ್ಮ ಮಗನ್ನ ಕೊಂದವನು ಅತ್ತೆ ಅವನು."

"ನನ್ನ ಮಗ ಮೈಮೇಲೆ ಪ್ರಜ್ಞೆ ಇಟ್ಕೊಂಡು ಬೋರ್ಡ್ ಹಾಕಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ಆ ಹುಡುಗನ ಶಾಪ ನಮಗೆ ಬೇಡ. ನೀನು ಬರದಿದ್ರೆ ಬಿಡು, ನಾನೇ ಹೋಗ್ತೀನಿ."

ಕತ್ತರಿ ಅಕ್ಕ ಆ ರಾತ್ರಿ ಪಾತ್ರೆ ತೊಳೆದ ಸದ್ದು ಪಕ್ಕದ ಮನೆಗೂ ಕೇಳಿಸಿತು. ಬೆಳಿಗ್ಗೆ ಎದ್ದವಳೇ, "ಹೋಗೋಣ, ನಡೀರಿ" ಎಂದಳು. ಅತ್ತೆಗೆ ಆಶ್ಚರ್ಯ. ಸೊಸೆಯ ಮನಸ್ಸು ಕರಗಿತು ಎಂದುಕೊಂಡರು. ಕರಗಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಬೋರ್ಡು ಇತ್ತು ಎಂದು ಅವನ ಬಾಯಿಂದಲೇ ಬರಬೇಕು, ಅದೂ ಅತ್ತೆಯ ಕಿವಿಗೆ ಬೀಳುವ ಹಾಗೆ ಬರಬೇಕು. ಅತ್ತೆಗೆ ವಯಸ್ಸಾಗುತ್ತಿದೆ. ಆ ಮಾತು ಕೇಳದೆ, ಮಗನನ್ನು ಬೈಯುತ್ತಲೇ ಕಣ್ಣು ಮುಚ್ಚಿಬಿಟ್ಟರೆ?

ಜೈಲಿನ ಸಭಾಂಗಣದಲ್ಲಿ ಕಬ್ಬಿಣದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬೇರೆ ಕೈದಿಗಳ ಮನೆಯವರೂ ಬಂದಿದ್ದರು. ಎದುರಿನ ಗೋಡೆಗೆ ಉದ್ದಕ್ಕೆ ಒಂದು ಬಟ್ಟೆ ಬ್ಯಾನರು. ಇಂಗ್ಲಿಷಿನಲ್ಲಿ ಏನೋ ಒಂದು ಸಾಲು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನಮ್ಮ ಭಾಷೆ: "ಇಂದು ನಿಮ್ಮವರ ಉದ್ಧಾರ."

ಮೊದಲ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮುದುಕ ಅದನ್ನು ಜೋರಾಗಿ ಓದಿ, ಪಕ್ಕದವನಿಗೆ, "ಹೌದಪ್ಪಾ. ನನ್ನ ಮಗ ಉದ್ಧಾರ ಆಗಿದ್ದಕ್ಕೇ ಅಲ್ವಾ ನಾವು ಇಲ್ಲಿಗೆ ಬಂದಿರೋದು" ಎಂದ. ಹಿಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳನ್ನು ನೋಡಿ ಇನ್ನೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಾಲೇ ಕಿಸಿಕಿಸಿ. ಆ ಪದವನ್ನು ಬರೆದವನು ಯಾವ ಮನೆಯಲ್ಲಿ ಬೆಳೆದವನೋ! ನಮ್ಮ ಮನೆಗಳಲ್ಲಿ ಪರೀಕ್ಷೆಯಲ್ಲಿ ಫೇಲಾದವನಿಗೆ, ಹಾಲು ಉಕ್ಕಿಸಿದವಳಿಗೆ, ತಡವಾಗಿ ಎದ್ದವನಿಗೆ ಸಿಗುವ ಮಾತು ಅದು. ಉದ್ಧಾರ ಆದ ಹಾಗೇ ಇದೆ. ಉದ್ಧಾರ ಆಗ್ತೀಯ ಹೋಗು. ಬೈಗುಳವನ್ನು ತಂದು ಗೋಡೆಗೆ ಕಟ್ಟಿ, ಅದಕ್ಕೆ ಹೂವಿನ ಅಂಚು ಬೇರೆ ಬಿಡಿಸಿದ್ದರು. ವೇದಿಕೆಯ ಮೇಲೆ ಬಿಳಿ ಸ್ವೆಟರು ಹಾಕಿಕೊಂಡ ಮೇಡಮ್ಮು, ಜನ ಸಂತೋಷದಿಂದ ನಗುತ್ತಿದ್ದಾರೆ ಎಂದುಕೊಂಡು ತಾವೂ ನಕ್ಕರು. ದುಭಾಷಿ ಮಾತ್ರ ನಗಲಿಲ್ಲ. ಬರೆದವನು ಅವನೇ.

ಒಂದೊಂದು ಕುಟುಂಬವನ್ನೂ ಬೇರೆ ಬೇರೆ ಕರೆದರು. ಇವರ ಸರದಿ ಬಂದಾಗ ವೇದಿಕೆಯ ಪಕ್ಕದ ಮೇಜಿನ ಹತ್ತಿರ ಕೂರಿಸಿದರು. ಒಂದು ಕಡೆ ಸೂಪರಿಂಟೆಂಡೆಂಟ್, ಮೇಡಮ್, ದುಭಾಷಿ. ಇನ್ನೊಂದು ಕಡೆ ಇವರಿಬ್ಬರು. ತಮ್ಮನನ್ನು ಕರೆತಂದರು. ತಲೆ ನೀಟಾಗಿ ಬಾಚಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಅವನನ್ನು ಕಂಡ ಕೂಡಲೇ ಕತ್ತರಿ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಇವನು ಸರಿಯಾಗಿ ತಿನ್ನುತ್ತಿಲ್ಲ ಎಂಬ ಯೋಚನೆ ಬಂತು, ಆ ಯೋಚನೆ ಬಂದದ್ದಕ್ಕೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

"ಅಕ್ಕಾ," ಎಂದ ಅವನು, "ನಾನು ಪಾಪಿ ಅಕ್ಕ. ಆದ್ರೆ ಹಳೇ ಮನುಷ್ಯ ಅಲ್ಲ. ನಂಗೆ ಇಲ್ಲಿ ರಿಡೆಂಪ್ಶನ್ ಸಿಕ್ಕಿದೆ."

"ಎಲ್ಲಿ ಸಿಕ್ತು? ಎಲ್ಲಿ ಬಿದ್ದಿತ್ತು?"

ಅವನು ತಬ್ಬಿಬ್ಬಾದ. ಮೇಡಮ್ ಮುಂದಕ್ಕೆ ಬಾಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದರು. ಎರಡು ಮಾತಿಗೊಮ್ಮೆ ಅದೇ ಪದ, ರಿಡೆಂಪ್ಶನ್. ದುಭಾಷಿ ಗಂಟಲು ಸರಿಮಾಡಿಕೊಂಡು, "ನಿಮ್ಮ ತಮ್ಮನ ವಿಮೋಚನೆ ನಿಮ್ಮ ಕೈಲಿದೆ ಅಂತಾರೆ ಮೇಡಮ್ಮು" ಎಂದ.

"ವಿಮೋಚನೆ ಅಂದ್ರೆ ಬಿಡುಗಡೆ ತಾನೇ? ಬೀಗದ ಕೈ ಸಾಹೇಬ್ರ ಹತ್ರ ಇದೆ. ನನ್ನ ಕೈಲಿರೋದು ಸೂಜಿ."

"ಹಾಗಲ್ಲ ಅಕ್ಕ. ಅಂದ್ರೆ... ಅವರ ಉದ್ಧಾರ..."

"ಅದನ್ನ ಗೋಡೆ ಮೇಲೆ ಓದ್ದೆ. ಚಿಕ್ಕಂದಿನಿಂದ ನಾನೇ ಹೇಳಿದೀನಿ ಇವನಿಗೆ, ನೀನು ಉದ್ಧಾರ ಆಗಲ್ಲ ಅಂತ. ಆ ಲೆಕ್ಕದಲ್ಲಿ ಮೇಡಮ್ಮಿಗಿಂತ ಮುಂಚೆ ಶುರು ಮಾಡಿದವಳು ನಾನು. ಮುಂದೆ ಹೇಳಪ್ಪ."

ಸೂಪರಿಂಟೆಂಡೆಂಟ್ ಕೆಮ್ಮಿ ನಗು ಅಡಗಿಸಿಕೊಂಡರು. ದುಭಾಷಿಯ ಹಣೆಯ ಮೇಲೆ ಬೆವರು. ಫೋನು ತೆಗೆದು ಏನೋ ಒತ್ತಿದ, ಓದಿದ, ಮತ್ತೆ ಒತ್ತಿದ. "ಅಕ್ಕ, ಅದಕ್ಕೆ ಇನ್ನೊಂದು ಅರ್ಥ ಇದೆ. ಅಡ ಇಟ್ಟ ವಸ್ತುನ ಬಿಡಿಸ್ಕೊಳ್ತೀವಲ್ಲ, ಅದಕ್ಕೂ ಇದೇ ಪದ ಅಂತೆ. ನಮ್ಮದೇ ವಸ್ತು, ಬೇರೆಯವರ ಕೈಲಿ ಸಿಕ್ಕಿಹಾಕ್ಕೊಂಡಿರುತ್ತೆ. ಹೋಗಿ, ಕೊಡ್ಬೇಕಾದ್ದು ಕೊಟ್ಟು, ವಾಪಸ್ ತರೋದು. ನೀವು ನಿಮ್ಮ ತಮ್ಮನ್ನ ಹಾಗೆ ಬಿಡಿಸ್ಕೊಂಡು ಹೋಗ್ಬೇಕು ಅಂತ."

ಕತ್ತರಿ ಅಕ್ಕ ಈ ಸಲ ತಕ್ಷಣ ಬಾಯಿ ಹಾಕಲಿಲ್ಲ. ಈ ಅರ್ಥ ಆಕೆಗೆ ತಿಳಿಯುವಂಥದ್ದು. ಮದುವೆಯಾದ ಹೊಸದರಲ್ಲಿ ಓವರ್‌ಲಾಕ್ ಮೆಷಿನ್ನನ್ನು ಅಡ ಇಟ್ಟು, ಆಮೇಲೆ ಬಿಡಿಸಿಕೊಂಡು ಬಂದವಳು. ಮೆಷಿನ್ನು ಮನೆಗೆ ವಾಪಸ್ಸು ಬಂದ ದಿನ ಒರೆಸಿದ್ದನ್ನೇ ಒರೆಸಿದ್ದಳು. ಹೌದು, ನಮ್ಮದು ಒಂದು ಬೇರೆಯವರ ಕೈಯಲ್ಲಿ ಸಿಕ್ಕಿಹಾಕಿಕೊಂಡಿದೆ, ಅದಕ್ಕೇ ಬಂದಿದ್ದೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ತಮ್ಮನ ಕಡೆ ತಿರುಗಿದಳು.

"ಒಂದು ಮಾತು ಕೇಳ್ತೀನಿ. ಬೋರ್ಡ್ ಇತ್ತಾ, ಇರ್ಲಿಲ್ವಾ?"

"ಅಕ್ಕ, ಹಳೇದೆಲ್ಲ ಈಗ ಯಾಕೆ? ನಾನು ತಪ್ಪು ಮಾಡ್ದೆ. ನಾನು ಪಾಪಿ ಅಂತ ಒಪ್ಕೊಂಡಿದೀನಲ್ಲ."

"ನೀನು ಪಾಪಿ ಅನ್ನೋದು ನಂಗೆ ಸುದ್ದಿಯಲ್ಲ. ಬೋರ್ಡ್ ಇತ್ತಾ?"

ಸೂಪರಿಂಟೆಂಡೆಂಟ್ ಕೈ ಎತ್ತಿ ತಡೆದರು. ಒಳ್ಳೆಯ ಮನುಷ್ಯರೇ. "ನೋಡಪ್ಪಾ, ಯೋಚನೆ ಮಾಡಿ ಮಾತಾಡು. ಕೋರ್ಟಲ್ಲಿ ಹೇಳಿದ್ದಕ್ಕಿಂತ ಬೇರೆ ಏನಾದ್ರೂ ಇಲ್ಲಿ ಹೇಳಿದ್ರೆ ನಾನು ಕಿವಿ ಮುಚ್ಕೊಂಡು ಕೂರೋಕಾಗಲ್ಲ, ಮೇಲಿನವರಿಗೆ ತಿಳಿಸ್ಬೇಕಾಗುತ್ತೆ. ಮುಂಚೆ ಬಿಡೋ ಮಾತು ಅಲ್ಲಿಗೇ ನಿಲ್ಲುತ್ತೆ."

ತಮ್ಮ ಮೊದಲು ಬಾಗಿಲ ಕಡೆ ನೋಡಿದ, ಆಮೇಲೆ ಅಕ್ಕನನ್ನು ನೋಡಿದ.

"ಹೇಳಿದ್ರೆ ನನ್ನ ಕರ್ಕೊಂಡು ಹೋಗ್ತೀಯಾ?"

"ಇಲ್ಲ."

"ಹೇಳದಿದ್ರೆ?"

"ಆಗ್ಲೂ ಇಲ್ಲ."

"ಮತ್ಯಾಕೆ ಹೇಳ್ಲಿ?" ಅವನ ದನಿ ಏರಿತು. ಬಾಚಿದ ತಲೆಯ ಒಳಗಿದ್ದ ಹಳೆಯ ಪುಂಡ ಹೊರಗೆ ಇಣುಕಿದ. "ಏನು ಸಿಗುತ್ತೆ ನಂಗೆ? ಇಷ್ಟು ವರ್ಷದಲ್ಲಿ ಒಂದು ಸಲ ಬಂದು ಮುಖ ನೋಡಿದೀಯಾ ನೀನು? ಸಾಯ್ಲಿ ಅಂತ ಬಿಟ್ಟೆ ಅಲ್ವಾ?"

"ಹೌದು, ಬಿಟ್ಟೆ. ಎತ್ತಿ ಆಡಿಸಿದ ಕೈಯಲ್ಲೇ ಬಿಟ್ಟೆ. ನನ್ನ ಗಂಡ ಸತ್ತಿದ್ದಕ್ಕಲ್ಲ. ಸತ್ತ ಮೇಲೂ ಅವರನ್ನ ನೀನು ಬಿಡ್ಲಿಲ್ಲವಲ್ಲೋ, ಅದಕ್ಕೆ."

ಆಗ ಅತ್ತೆ ಎದ್ದು ನಿಂತರು. ಮೇಜು ಹಿಡಿದುಕೊಂಡು ಅವನ ಹತ್ತಿರ ಹೋಗಿ, ಅವನ ಭುಜದ ಮೇಲೆ ಕೈ ಇಟ್ಟು, ಸೊಸೆಯ ಕಡೆ ತಿರುಗಿ ಗದರಿದರು.

"ಸಾಕು ಬಿಡೇ! ಎಷ್ಟು ಅಂತ ಹುರೀತೀಯ ಹುಡುಗನ್ನ? ತಪ್ಪು ನನ್ನ ಮಗಂದು. ಬೋರ್ಡ್ ಹಾಕೋ ಬುದ್ಧಿ ಇರ್ಲಿಲ್ಲ, ಸತ್ತ. ಅವನ ದಡ್ಡತನಕ್ಕೆ ಈ ಮಗು ಯಾಕೆ ಸಾಯ್ಬೇಕು? ಸಾಹೇಬ್ರೇ, ನಾನು ಕರ್ಕೊಂಡು ಹೋಗ್ತೀನಿ. ನಾನು ಹೇಳ್ತಿದೀನಲ್ಲ. ನನ್ನ ಮಗನ ತಪ್ಪು, ನಾನೇ ಕರ್ಕೊಂಡು ಹೋಗ್ತೀನಿ."

ಕೆಲಸ ಕೆಟ್ಟಿತು ಎಂದುಕೊಂಡಳು ಕತ್ತರಿ ಅಕ್ಕ. ಈಗ ಅವನು ಸುಮ್ಮನಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಹೇಳುವುದಕ್ಕೆ ಅವನಿಗೆ ಯಾವ ಕಾರಣವೂ ಉಳಿದಿರಲಿಲ್ಲ. ಕೊಂದವನು ಮನೆಗೆ ಬಂದು, ಕೊಂದವನ ಮುಂದೆ ದಿನಾ ಆ ತಾಯಿ ಸತ್ತ ಮಗನನ್ನು ಬೈಯುವುದನ್ನು ತಾನು ಇನ್ನು ಕೇಳಬೇಕು. ಅದಕ್ಕಿಂತ ಈ ಮೇಜನ್ನೇ ಎತ್ತಿ ಎಲ್ಲರ ಮೇಲೆ ಹಾಕಿಬಿಡಲೇ ಎನ್ನಿಸಿತು.

ತಮ್ಮ ತಲೆ ಬಗ್ಗಿಸಿದ್ದ. ಭುಜದ ಮೇಲಿದ್ದ ಮುದುಕಿಯ ಕೈಯನ್ನೇ ನೋಡುತ್ತಿದ್ದ. ಅತ್ತೆ ಅವನ ಬೆನ್ನು ಸವರಿದರು. "ಬಾ ಮಗು," ಎಂದರು.

"ಹಾಕಿದ್ರು," ಎಂದ ಅವನು.

"ಏನಂದೆ?"

"ಹಾಕಿದ್ರು ಅಮ್ಮಾ. ಭಾವ ಬೋರ್ಡ್ ಹಾಕಿದ್ರು. ತಂತಿ ಎರಡು ಸುತ್ತು ಸುತ್ತಿ ಹಾಕಿದ್ರು. ಇದನ್ನ ನಾನೇ ಬಂದು ತೆಗೀತೀನಿ, ನೀನು ಮುಟ್ಬೇಡ ಅಂತ ಹೇಳಿ ಇಳಿದ್ರು. ನಾನೇ ಬಿಚ್ಚಿದ್ದು. ಕಟ್ಟಡದವರು ಕೂಗಾಡಿದ್ರಲ್ಲ, ಗಡಿಬಿಡೀಲಿ ಬಿಚ್ಚಿ ಸ್ವಿಚ್ ಹಾಕ್ದೆ. ಆಮೇಲೆ ಕೆಳಗಿಂದ ಕಿರುಚಾಟ ಕೇಳ್ತು. ಬೋರ್ಡ್ ನನ್ನ ಕೈಲೇ ಇತ್ತು. ತಗೊಂಡು ಹೋಗಿ ಟೆರೇಸಿನ ನೀರಿನ ಟ್ಯಾಂಕಿಗೆ ಹಾಕ್ದೆ. ಇನ್ನೂ ಅಲ್ಲೇ ಇರ್ಬೇಕು."

ಅತ್ತೆ ಅವನ ಬೆನ್ನಿನಿಂದ ಕೈ ತೆಗೆದರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ತೆಗೆದರು. "ಇನ್ನೊಂದ್ಸಲ ಹೇಳು," ಎಂದರು. ಅವನು ಹೇಳಿದ. "ಜೋರಾಗಿ ಹೇಳು." ಅವನು ಅಳುತ್ತಾ ಜೋರಾಗಿ ಹೇಳಿದ. ಆಚೆ ಸಾಲುಗಳಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಅತ್ತೆ ಹಿಂದಕ್ಕೆ ನಡೆದು ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು.

ಮೇಡಮ್ಮಿಗೆ ದುಭಾಷಿ ಪಿಸುಮಾತಿನಲ್ಲಿ ಎಲ್ಲ ಒಪ್ಪಿಸಿದ. ಅವರು ಕಣ್ಣು ಒರೆಸಿಕೊಂಡು, ಎರಡೂ ಕೈ ಎದೆಗೆ ಒತ್ತಿಕೊಂಡು, ಮತ್ತೆ ಅದೇ ಪದ ಹೇಳಿದರು. ಅಕ್ಕನ ಕಡೆ ನೋಡಿ ಇನ್ನೂ ಏನೋ ಸೇರಿಸಿದರು. ದುಭಾಷಿ ತಡವರಿಸಿದ.

"ಈಗ ಅವರು ಸತ್ಯ ಹೇಳಿದ್ರಲ್ಲ. ಅವಧಿ ಮುಗಿದ ಮೇಲಾದ್ರೂ ನೀವು ಅವರನ್ನ ಬಿಡಿಸ್ಕೊಂಡ ಹಾಗೆ, ಅಲ್ವಾ ಅಂತ ಕೇಳ್ತಾರೆ."

"ಅಲ್ಲ ಅಂತ ಹೇಳು," ಎಂದಳು ಕತ್ತರಿ ಅಕ್ಕ ಎದ್ದು ನಿಂತು. "ನಾನು ಬಿಡಿಸ್ಕೊಳ್ಳೋಕೆ ಬಂದಿದ್ದು ನನ್ನ ಗಂಡನ್ನ. ಬಿಡಿಸ್ಕೊಂಡೆ. ಹೋಗ್ತೀನಿ."

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದನೋ ಇಲ್ಲವೋ ಗೊತ್ತಿಲ್ಲ.

"ಅಕ್ಕಾ," ಎಂದ ತಮ್ಮ. ಆಕೆ ತಿರುಗಲಿಲ್ಲ. ತಿರುಗಿದ್ದರೆ ಏನಾಗುತ್ತಿತ್ತು ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆ ದನಿಯಲ್ಲಿ ಅವನು ಕರೆದಾಗಲೆಲ್ಲ ಹಿಂದೆ ಆಕೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ್ದಳು. ಅತ್ತೆಯ ತೋಳು ಹಿಡಿದು ಸರಸರನೆ ನಡೆದಳು. ಮೊದಲ ಸಾಲಿನ ಮುದುಕ ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟ. ಗೇಟಿನಾಚೆ ಬಂದ ಮೇಲೆ ಒಂದು ಕಂಬ ಹಿಡಿದು ನಿಂತು ಮನಸಾರೆ ಅತ್ತಳು. ಗಂಡನಿಗಾಗಿ ಅತ್ತಳು, ತಮ್ಮನಿಗಾಗಿಯೂ ಅತ್ತಳು, ತಮ್ಮನಿಗಾಗಿ ಅತ್ತದ್ದಕ್ಕೆ ತನ್ನನ್ನೇ ಬೈದುಕೊಂಡಳು. ಮನ್ನಿಸಿದಳೇ ಎಂದು ಕೇಳಬೇಡಿ. ಇಲ್ಲ. ಕೇಳಿದವರಿಗೆ ಇವತ್ತಿಗೂ ಕತ್ತರಿಯ ತುದಿಯಿಂದ ಬಾಗಿಲು ತೋರಿಸುತ್ತಾಳೆ.

ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಸಿಗಲಿಲ್ಲ. ಅದಕ್ಕೇ ಕತ್ತರಿ ಅಕ್ಕ ಒಂದು ಸೀಟು ಹಿಂದೆ ಕುಳಿತಳು, ಅತ್ತೆ ಮುಂದಿನ ಸೀಟಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಕುಳಿತರು. ಆ ಹೆಂಗಸಿನ ಮಡಿಲಲ್ಲಿ ತರಕಾರಿ ಚೀಲವಿತ್ತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ಆ ಹೆಂಗಸಿನ ಕಡೆ ತಿರುಗಿದರು.

"ನನ್ನ ಮಗ ಬೋರ್ಡ್ ಹಾಕಿದ್ದ."

"ಯಾವ ಬೋರ್ಡಮ್ಮಾ?" ಎಂದಳು ಆ ಹೆಂಗಸು.

"ಲಿಫ್ಟ್ ರಿಪೇರಿ ಮಾಡ್ತಿದ್ದ ನನ್ನ ಮಗ. ದೊಡ್ಡ ದೊಡ್ಡ ಕಟ್ಟಡದ ಲಿಫ್ಟು. ಬಹಳ ಹುಷಾರು. ಮನೇಲಿ ಒಂದು ಬಲ್ಬ್ ಹಾಕ್ಬೇಕಿದ್ರೂ ಬೋರ್ಡ್ ತಗುಲಿಸೋನು, ಗೊತ್ತಾ? ನಾನೇ ನಗಾಡ್ತಿದ್ದೆ. ತಗಡಿನ ಬೋರ್ಡು, ತಾನೇ ಬರೆದಿದ್ದ, ಅವನ ಅಕ್ಷರ ಎಷ್ಟು ಚೆಂದ ಇತ್ತು ಅಂತೀರಿ..."

ಕತ್ತರಿ ಅಕ್ಕ ಮುಂದಿನ ಸೀಟಿನ ಕಂಬಿ ಹಿಡಿದು ಕೇಳುತ್ತಾ ಕುಳಿತಳು. ಇಳಿಯಬೇಕಾದ ಸ್ಟಾಪು ಬಂತು. ಕಂಡಕ್ಟರು ಎರಡು ಸಲ ಕೂಗಿದ. ಆಕೆ ಏಳಲಿಲ್ಲ, ಅತ್ತೆಯನ್ನು ಎಬ್ಬಿಸಲೂ ಇಲ್ಲ. ಬಸ್ಸು ಮುಂದಕ್ಕೆ ಹೊರಟಿತು. ಅತ್ತೆ ಇನ್ನೂ ಹೇಳುತ್ತಲೇ ಇದ್ದರು.